ಒಂದು ದಿನದ ಸಂಸದರಿಗೂ ಪಿಂಚಣಿ: ಲೆಕ್ಕ ಎಲ್ಲಿ ತಪ್ಪುತ್ತದೆ?

ಪಿಂಚಣಿ ನಿಧಿಗಳ ಲೆಕ್ಕ ಹಾಕುವುದು ನನ್ನ ವೃತ್ತಿ. ಸಂಸದರ ಪಿಂಚಣಿಯ ಮಾತು ಬಂದಾಗಲೆಲ್ಲ ಜನ ಕೇಳುವುದು, 'ಅವರಿಗ್ಯಾಕೆ ಸ್ವಾಮಿ ಪಿಂಚಣಿ?' ಎಂದು. ಸಿಟ್ಟು ಅರ್ಥವಾಗುತ್ತದೆ. ಆದರೆ ಯಾವುದೇ ಯೋಜನೆಯ ಕಾಗದ ಮೇಜಿಗೆ ಬಂದಾಗ ನಾವು ಮೊದಲು ನೋಡುವುದು ಮೂರು ಸಂಗತಿ: ಎಷ್ಟು ವರ್ಷದ ಸೇವೆಗೆ, ಯಾವ ವಯಸ್ಸಿನಿಂದ, ವಂತಿಗೆ ಕಟ್ಟಿದವರು ಯಾರು.

ಸಂಸದರ ಸಂಬಳ, ಭತ್ಯೆಗಳ 1954ರ ಕಾಯ್ದೆಗೆ ಪಿಂಚಣಿ ಸೇರಿದ್ದು 1976ರಲ್ಲಿ. ಇಂದಿನ ನಿಯಮದಂತೆ ಒಂದೇ ದಿನ ಸದಸ್ಯರಾಗಿದ್ದರೂ ತಿಂಗಳಿಗೆ 31,000 ರೂಪಾಯಿ. ಐದು ವರ್ಷ ಮೀರಿದರೆ ಹೆಚ್ಚುವರಿ ವರ್ಷಕ್ಕೆ 2,500ರಂತೆ ಇನ್ನಷ್ಟು. 2025ರ ಮಾರ್ಚ್‌ನಲ್ಲಿ ಹೊರಟ ಅಧಿಸೂಚನೆ ಈ ದರವನ್ನು 2023ರ ಏಪ್ರಿಲ್‌ನಿಂದಲೇ ಜಾರಿಗೆ ತಂದಿತು. ವಯಸ್ಸಿನ ಮಿತಿ ಇಲ್ಲ, ವಂತಿಗೆಯೂ ಇಲ್ಲ.

ಒಂದೇ ಅವಧಿ ಮುಗಿಸಿ 40ನೇ ವಯಸ್ಸಿಗೆ ಸೋತವರೊಬ್ಬರು 75ರವರೆಗೆ ಬದುಕಿದರು ಎನ್ನಿ. ದರ ಒಂದು ಪೈಸೆ ಏರದಿದ್ದರೂ ಅವರಿಗೆ ಸಲ್ಲುವುದು 1.30 ಕೋಟಿ ರೂಪಾಯಿ. ದರವಂತೂ ಏರಿಯೇ ಏರುತ್ತದೆ; 2018ರ ಹಣಕಾಸು ಕಾಯ್ದೆ ಅದನ್ನು ಹಣದುಬ್ಬರದ ಸೂಚ್ಯಂಕಕ್ಕೆ ಕಟ್ಟಿಹಾಕಿದೆ. ಅತ್ತ 2004ರ ಜನವರಿ 1ರ ನಂತರ ಕೇಂದ್ರ ಸರ್ಕಾರದ ನಾಗರಿಕ ಸೇವೆಗೆ ಸೇರಿದವರು ಪ್ರತಿ ತಿಂಗಳು ಮೂಲವೇತನ ಮತ್ತು ತುಟ್ಟಿಭತ್ಯೆಯ ಶೇ 10ರಷ್ಟನ್ನು ರಾಷ್ಟ್ರೀಯ ಪಿಂಚಣಿ ವ್ಯವಸ್ಥೆಗೆ (ಎನ್‌ಪಿಎಸ್‌) ಕಟ್ಟುತ್ತಿದ್ದಾರೆ. ಅವರಿಗೆಂದೇ 2025ರಲ್ಲಿ ಬಂದ ಏಕೀಕೃತ ಪಿಂಚಣಿ ಯೋಜನೆಯಲ್ಲೂ ಕನಿಷ್ಠ ಖಾತರಿ ತಿಂಗಳಿಗೆ 10,000 ರೂಪಾಯಿ, ಅದೂ ಹತ್ತು ವರ್ಷ ದುಡಿದ ಮೇಲೆ.

ಕೋರ್ಟು ಇದನ್ನು ತಡೆಯಲಿಲ್ಲವೇ ಎಂದು ಕೇಳುವವರಿದ್ದಾರೆ. ಸಂವಿಧಾನದ 106ನೇ ವಿಧಿಯಲ್ಲಿ ಸಂಬಳ, ಭತ್ಯೆ ಎಂದಷ್ಟೇ ಇದೆ, ಪಿಂಚಣಿಯ ಮಾತಿಲ್ಲ ಎಂದು ಲೋಕ ಪ್ರಹರಿ ಸಂಸ್ಥೆ ವಾದಿಸಿತ್ತು. 2018ರಲ್ಲಿ ಸುಪ್ರೀಂ ಕೋರ್ಟ್ ಅರ್ಜಿಯನ್ನು ವಜಾ ಮಾಡಿತು. ಅದು ಸಂಸತ್ತೇ ತೀರ್ಮಾನಿಸಬೇಕಾದ ವಿಷಯ ಎಂದಿತು. ಅಂದರೆ ಪಡೆಯುವವರೇ ಮೊತ್ತ ಗೊತ್ತುಮಾಡುವ ಏರ್ಪಾಡು ಹಾಗೆಯೇ ಉಳಿಯಿತು. ನನ್ನ ಮಟ್ಟಿಗೆ ಮೊತ್ತಕ್ಕಿಂತ ದೊಡ್ಡ ದೋಷ ಇದು. ಬ್ರಿಟನ್ನಿನಲ್ಲಿ ಸಂಸದರ ಸಂಬಳ, ಪಿಂಚಣಿ ಎರಡನ್ನೂ ನಿಗದಿ ಮಾಡುವುದು ಸ್ವತಂತ್ರ ಪ್ರಾಧಿಕಾರ.

ಹಾಗೆಂದು ಪಿಂಚಣಿಯನ್ನೇ ಕಿತ್ತುಹಾಕಿ ಎನ್ನುವವರ ಜೊತೆ ನಾನಿಲ್ಲ. ಬ್ರಿಟನ್ನಿನಲ್ಲಿ 1911ರವರೆಗೆ ಸಾಮಾನ್ಯ ಸಂಸದರಿಗೆ ಸಂಬಳವೇ ಇರಲಿಲ್ಲ. ಆಸ್ತಿಯಿದ್ದವರಿಗೆ ಅದರಿಂದ ಏನೂ ತೊಂದರೆಯಾಗಲಿಲ್ಲ. ಕೆಲಸ ಬಿಟ್ಟು ಚುನಾವಣೆಗೆ ನಿಲ್ಲುವ ಶಿಕ್ಷಕಿಗೆ, ಕಾರ್ಮಿಕ ನಾಯಕನಿಗೆ ಐದು ವರ್ಷದ ಉಳಿತಾಯ ತಪ್ಪಿಹೋಗುತ್ತದೆ. ಅದನ್ನು ಯಾರಾದರೂ ತುಂಬಿಕೊಡಬೇಕಲ್ಲ. ಖಜಾನೆಯೇನೂ ಇದರಿಂದ ಬರಿದಾಗುವುದಿಲ್ಲ.

ತುಂಬಿಕೊಡುವ ದಾರಿ ಕಷ್ಟದ್ದಲ್ಲ. ಈಗಿನ 1,24,000 ರೂಪಾಯಿ ಸಂಬಳದಲ್ಲಿ ಸಂಸದರು ಶೇ 10, ಅಂದರೆ 12,400 ಕಟ್ಟಲಿ. ತನ್ನ ನೌಕರರಿಗೆ ಕೊಡುವಂತೆ ಸರ್ಕಾರ ಶೇ 14, ಅಂದರೆ 17,360 ಸೇರಿಸಲಿ. ಅರವತ್ತು ತಿಂಗಳಿಗೆ ಸುಮಾರು 17.86 ಲಕ್ಷ ಅಸಲು. ಅದು ಅವರ ಹೆಸರಿನಲ್ಲೇ ಬೆಳೆದು 60ನೇ ವಯಸ್ಸಿನಿಂದ ಪಿಂಚಣಿಯಾಗಿ ಬರಲಿ. ಮತ್ತೆ ಗೆದ್ದರೆ ಅದೇ ಖಾತೆ ಮುಂದುವರಿಯುತ್ತದೆ. ಶಾಸಕರಿಗೆ ಎಷ್ಟು ಅವಧಿಯಾದರೂ ಒಂದೇ ಪಿಂಚಣಿ ಎಂದು 2022ರಲ್ಲಿ ಪಂಜಾಬ್ ಮಾಡಿದ್ದು ಸ್ವಾಗತಾರ್ಹವೇ, ಆದರೆ ವಂತಿಗೆಯ ಪ್ರಶ್ನೆಯನ್ನು ಅದು ಮುಟ್ಟಲಿಲ್ಲ. ಆಸ್ಟ್ರೇಲಿಯಾ 2004ರಲ್ಲಿ ಹಳೆಯ ಉದಾರ ಯೋಜನೆಯನ್ನು ಹೊಸ ಸಂಸದರಿಗೆ ಮುಚ್ಚಿ, ಹಳಬರಿಗೆ ಉಳಿಸಿಕೊಟ್ಟಿತು. ಇಲ್ಲೂ ಮುಂದಿನ ಲೋಕಸಭೆಯಿಂದ ಹಾಗೆ ಶುರು ಮಾಡಬಹುದು.

ಇನ್ನು 40ಕ್ಕೆ ಸೋತವರ ಕಷ್ಟ. ಮುಪ್ಪು ಅವರಿಗೆ ದೂರದ ಮಾತು. ಎದುರಿಗಿರುವುದು ಮುಂದಿನ ತಿಂಗಳ ಬಾಡಿಗೆ, ಮಕ್ಕಳ ಶಾಲೆಯ ಫೀಸು. ಅದಕ್ಕೆ ಜೀವನಪೂರ್ತಿ ಪಿಂಚಣಿ ಏಕೆ? ಆರು ತಿಂಗಳ ಸಂಬಳವನ್ನು ಒಮ್ಮೆಗೇ ಕೊಟ್ಟರೂ 7,44,000 ರೂಪಾಯಿಗೆ ಮುಗಿಯುತ್ತದೆ.