ಮನೆಯ ಡೆಮೊದಿಂದ ಸ್ಟುಡಿಯೊ ಮುದ್ರಣದವರೆಗೆ: ‘ಸ್ಟ್ರಾಬೆರಿ ಫೀಲ್ಡ್ಸ್ ಫಾರೆವರ್’ ಬೆಳೆದ ಬಗೆ

ಒರಟಾದ ಡೆಮೊ (ಹಾಡಿನ ಕಚ್ಚಾ ಮುದ್ರಣ) ಒಂದು ಸಿದ್ಧ ಮುದ್ರಣವಾಗುವ ಹೊತ್ತಿಗೆ ಹಾಡಿನಲ್ಲಿ ಏನು ಉಳಿಯುತ್ತದೆ, ಏನು ಬದಲಾಗುತ್ತದೆ ಎಂಬುದನ್ನು ಅಭ್ಯಸಿಸಲು ಬೀಟಲ್ಸ್ ತಂಡದ ಈ ಹಾಡು ಬಹಳ ಅನುಕೂಲವಾದುದು. ಇದರ ನಡುವಣ ಹಂತಗಳ ಧ್ವನಿಮುದ್ರಣಗಳೂ ಉಳಿದುಕೊಂಡಿವೆ. ಅವುಗಳಲ್ಲಿ ಕೆಲವು 1996ರ ‘ಆಂಥಾಲಜಿ 2’ ಸಂಕಲನದಲ್ಲಿ ಪ್ರಕಟವಾಗಿರುವುದರಿಂದ ನಾವೇ ಕೇಳಿ ಹೋಲಿಸಬಹುದು.

1966ರಲ್ಲಿ ಚಲನಚಿತ್ರವೊಂದರ ಚಿತ್ರೀಕರಣಕ್ಕಾಗಿ ಸ್ಪೇನಿನ ಅಲ್ಮೆರಿಯಾದಲ್ಲಿದ್ದ ತಂಡದ ಗಾಯಕ ಜಾನ್ ಲೆನನ್ ಈ ಹಾಡನ್ನು ಗಿಟಾರ್ ಹಿಡಿದು ಕಟ್ಟತೊಡಗಿದರು. ಅತ್ಯಂತ ಹಳೆಯ ಡೆಮೊದಲ್ಲಿ ಇರುವುದು ಒಂದೇ ಚರಣ, ಪಲ್ಲವಿಯಿಲ್ಲ. ಮುಂದೆ ಪಲ್ಲವಿಯ ಧಾಟಿ ಹುಟ್ಟಿತಾದರೂ ಆಗ ಅದು ಚರಣಗಳ ನಡುವಿನ ಕೊಂಡಿಯಾಗಿಯಷ್ಟೇ ಬಳಕೆಯಾಗುತ್ತಿತ್ತು, ಮತ್ತು ಲಿವರ್‌ಪೂಲ್‌ನಲ್ಲಿ ಸಾಲ್ವೇಶನ್ ಆರ್ಮಿ ಎಂಬ ಕ್ರೈಸ್ತ ಸೇವಾ ಸಂಸ್ಥೆ ನಡೆಸುತ್ತಿದ್ದ ‘ಸ್ಟ್ರಾಬೆರಿ ಫೀಲ್ಡ್’ ಎಂಬ ಮಕ್ಕಳ ಆಶ್ರಮದ ಹೆಸರು ಅದರೊಳಗೆ ಇನ್ನೂ ಸೇರಿರಲಿಲ್ಲ. ನಾವು ಇಂದು ಮೊದಲ ಚರಣವೆಂದು ಕೇಳುವ ಸಾಲುಗಳು ಎಲ್ಲಕ್ಕಿಂತ ಕೊನೆಗೆ ರಚನೆಯಾದವು ಎಂಬುದನ್ನು ವಿಶೇಷವಾಗಿ ಗಮನಿಸಬೇಕು.

ನವೆಂಬರ್ 24ರಂದು ಲಂಡನ್‌ನ ಅಬ್ಬೆ ರಸ್ತೆಯಲ್ಲಿರುವ ಇಎಂಐ ಸ್ಟುಡಿಯೊದಲ್ಲಿ ಮುದ್ರಿಸಿದ ಮೊದಲ ಟೇಕ್ (ಒಂದು ಸಲದ ಮುದ್ರಣ ಪ್ರಯತ್ನ) ಚರಣದಿಂದಲೇ ಆರಂಭವಾಗುತ್ತದೆ. ಕೆಲವೇ ದಿನಗಳಲ್ಲಿ ತಂಡವು ಪಲ್ಲವಿಯನ್ನು ಮುಂದಕ್ಕೆ ತಂದು, ಅದಕ್ಕೂ ಮೊದಲು ಮೆಲೊಟ್ರಾನ್‌ನ ಕೊಳಲ ದನಿಯ ಪೀಠಿಕೆಯನ್ನು ಇಟ್ಟಿತು. (ಮೆಲೊಟ್ರಾನ್‌ನ ಪ್ರತಿ ಕೀಲಿಯೂ ಮೊದಲೇ ಧ್ವನಿ ಮುದ್ರಿಸಿದ ಟೇಪಿನ ತುಣುಕೊಂದನ್ನು ನುಡಿಸುತ್ತದೆ.) ಮುಂದೆ ಸೇರಿದ ವಾದ್ಯಗಳಿಗಿಂತ ಈ ಸ್ಥಾನಪಲ್ಲಟವೇ ದೊಡ್ಡ ನಿರ್ಧಾರವೆಂದು ನನ್ನ ಅಭಿಪ್ರಾಯ, ಕೇಳುಗನಿಗೆ ಮೊದಲು ಆಹ್ವಾನ, ಆಮೇಲೆ ಗೊಂದಲದ ಮಾತು ಎಂಬ ಕ್ರಮ ಇದರಿಂದಲೇ ದೊರೆಯಿತು. ಆಗಿನ ಟೇಪಿನಲ್ಲಿ ದನಿಗಳನ್ನು ಬೇರೆ ಬೇರೆಯಾಗಿ ಮುದ್ರಿಸಲು ಇದ್ದುದು ನಾಲ್ಕೇ ಟ್ರ್ಯಾಕ್‌ಗಳಾದ್ದರಿಂದ, ಅವು ತುಂಬಿದಾಗ ಎಲ್ಲವನ್ನೂ ಬೆರೆಸಿ ಮತ್ತೊಂದು ಟೇಪಿಗೆ ಇಳಿಸಿ ಜಾಗ ಮಾಡಿಕೊಳ್ಳಬೇಕಿತ್ತು. ಆರನೆಯ ಟೇಕನ್ನು ಹೀಗೆ ಇಳಿಸಿದಾಗ ದೊರೆತದ್ದೇ ಏಳನೆಯ ಟೇಕ್.

ಅಷ್ಟಕ್ಕೆ ತೃಪ್ತರಾಗದ ಲೆನನ್ ಡಿಸೆಂಬರ್‌ನಲ್ಲಿ ಹಾಡನ್ನು ಹೊಸದಾಗಿ ಮುದ್ರಿಸಲು ಬಯಸಿದರು. ಈ ಬಾರಿ ತಾಳವಾದ್ಯಗಳು ದಟ್ಟವಾದವು, ನಿರ್ಮಾಪಕ ಜಾರ್ಜ್ ಮಾರ್ಟಿನ್ ನಾಲ್ಕು ಟ್ರಂಪೆಟ್ ಹಾಗೂ ಮೂರು ಚೆಲ್ಲೊಗಳಿಗೆ ಸ್ವರಲಿಪಿ ಬರೆದರು, ತಂಡದ ಗಿಟಾರ್ ವಾದಕ ಜಾರ್ಜ್ ಹ್ಯಾರಿಸನ್ ನಮ್ಮ ಹಿಂದೂಸ್ತಾನಿ ಗಾಯಕರು ಮೀಟುವ ಸ್ವರಮಂಡಲವನ್ನು ಸೇರಿಸಿದರು. ಇದು 26ನೆಯ ಟೇಕ್. ಆದರೆ ಲೆನನ್‌ಗೆ ಹಳೆಯದರ ಆರಂಭವೂ ಹೊಸದರ ಮುಂದಿನ ಭಾಗವೂ ಇಷ್ಟವಾದ್ದರಿಂದ ಎರಡನ್ನೂ ಜೋಡಿಸುವಂತೆ ಕೇಳಿದರು. ಎರಡರ ಶ್ರುತಿಯೂ ಬೇರೆ, ಗತಿಯೂ ಬೇರೆ.

ಪರಿಹಾರ ಟೇಪಿನ ಸ್ವಭಾವದಲ್ಲೇ ಇತ್ತು. ಟೇಪಿನ ವೇಗವನ್ನು ತಗ್ಗಿಸಿದರೆ ಗತಿಯ ಜೊತೆಗೆ ಶ್ರುತಿಯೂ ಇಳಿಯುತ್ತದೆ, ಹೆಚ್ಚಿಸಿದರೆ ಎರಡೂ ಏರುತ್ತವೆ. 26ನೆಯ ಟೇಕ್ ವೇಗವಾಗಿಯೂ ಇತ್ತು, ಮೇಲಿನ ಶ್ರುತಿಯಲ್ಲೂ ಇತ್ತು; ಅದು ವೇಗವಾಗಿದ್ದು ಕೆಳಗಿನ ಶ್ರುತಿಯಲ್ಲಿದ್ದಿದ್ದರೆ ಈ ಉಪಾಯ ಫಲಿಸುತ್ತಲೇ ಇರಲಿಲ್ಲ. ಡಿಸೆಂಬರ್ 22ರಂದು ಮಾರ್ಟಿನ್ ಮತ್ತು ಎಂಜಿನಿಯರ್ ಜೆಫ್ ಎಮೆರಿಕ್ ಏಳನೆಯ ಟೇಕಿನ ವೇಗವನ್ನು ತುಸು ಏರಿಸಿ, 26ನೆಯದರ ವೇಗವನ್ನು ಇಳಿಸಿ, ಸುಮಾರು ಒಂದು ನಿಮಿಷದ ಬಳಿ ಎರಡನ್ನೂ ಬೆಸೆದರು. ಹೀಗೆ ನಿಧಾನವಾದ ಭಾಗದಲ್ಲಿ ಲೆನನ್‌ರ ಕಂಠ ಭಾರವಾಗಿ, ಮಂಪರಿನಲ್ಲಿರುವಂತೆ ಕೇಳುತ್ತದೆ. ಹಾಡಿನ ವಿಶಿಷ್ಟ ಗುಣವೆಂದು ಜನ ಮೆಚ್ಚಿದ ಆ ದನಿಯು ಬೆಸುಗೆಗಾಗಿ ಮಾಡಿದ ಹೊಂದಾಣಿಕೆಯಿಂದ ಬಂದದ್ದು. ಯಾವ ಡೆಮೊದಲ್ಲೂ ಅದರ ಸುಳಿವಿಲ್ಲ.

ಅಭ್ಯಾಸಕ್ಕಾಗಿ ಮೊದಲ ಟೇಕ್, ಏಳನೆಯ ಟೇಕ್ ಮತ್ತು 1967ರ ಫೆಬ್ರುವರಿಯಲ್ಲಿ ಬಿಡುಗಡೆಯಾದ ಮುದ್ರಣವನ್ನು ಇದೇ ಕ್ರಮದಲ್ಲಿ ಕೇಳಬೇಕು. ಬೆಸುಗೆಯನ್ನು ಪ್ರಯೋಗ ಮಾಡಿ ನೋಡಬಯಸುವವರು ಶ್ರುತಿ ಮತ್ತು ಗತಿಯನ್ನು ಬೇರೆ ಬೇರೆಯಾಗಿ ಬದಲಿಸುವ ಇಂದಿನ ತಂತ್ರಾಂಶದ ಸೌಲಭ್ಯವನ್ನು ಬಳಸದೆ, ಎರಡನ್ನೂ ಒಟ್ಟಿಗೆ ಬದಲಿಸುವ ಆಯ್ಕೆಯನ್ನೇ ಆರಿಸಿಕೊಳ್ಳಬೇಕು. ಆಗ ಮಾತ್ರ ದನಿಯ ಬಣ್ಣ ಹೇಗೆ ಬದಲಾಯಿತೆಂಬುದು ಕಿವಿಗೆ ಸ್ಪಷ್ಟವಾಗುತ್ತದೆ.