ಹಿಮಕುಸಿತದ ಅಪಾಯ 5ರಲ್ಲಿ 3 ಎಂದಿದ್ದರೆ ಸ್ಕೀಯಿಂಗ್‌ಗೆ ಹೋಗಬಹುದೇ?

ಪ್ರಶ್ನೆ: ಗುಲ್ಮಾರ್ಗ್‌ನಲ್ಲಿ ಸ್ಕೀಯಿಂಗ್ ಕಲಿತಿದ್ದೇನೆ. ಈ ಸಲ ಅಲ್ಲಿನ ಕೇಬಲ್ ಕಾರ್ ಗೊಂಡೋಲಾದ ಎರಡನೇ ಹಂತದವರೆಗೆ ಹೋಗಿ, ಗುರುತು ಮಾಡಿದ ಹಾದಿ ಬಿಟ್ಟು ಅಫರ್ವಾಟ್ ಬೆಟ್ಟದ ಆಚೆ ಬದಿಗೆ ಇಳಿಯುವ ಆಸೆಯಿದೆ. ಹಿಮಕುಸಿತದ ಅಪಾಯ 5ರಲ್ಲಿ 3 ಎಂದು ಪ್ರಕಟವಾದರೆ ಅದು ಮಧ್ಯಮ ತಾನೇ? ಜಾಗರೂಕತೆಯಿಂದ ಹೋದರೆ ಸಾಲದೇ?

ಉತ್ತರ: ಅಂಕಿ ಮಧ್ಯದ್ದು, ಅಪಾಯ ಮಧ್ಯಮದ್ದಲ್ಲ. ಈ ಐದು ಮಟ್ಟಗಳ ಅಳತೆಯನ್ನು ಯುರೋಪಿನ ದೇಶಗಳು 1993ರಲ್ಲಿ ಒಪ್ಪಿಕೊಂಡವು. 1 ಅಲ್ಪ, 2 ಸಾಧಾರಣ, 3 ಗಣನೀಯ, 4 ಹೆಚ್ಚು, 5 ಅತಿ ಹೆಚ್ಚು. ಒಂದರಿಂದ ಇನ್ನೊಂದಕ್ಕೆ ಅಪಾಯ ಸಮನಾಗಿ ಏರುವುದಿಲ್ಲ, ಪಟ್ಟುಗಳಲ್ಲಿ ಏರುತ್ತದೆ. ಆಲ್ಪ್ಸ್‌ನಲ್ಲಿ ಹಿಮಕುಸಿತಕ್ಕೆ ಬಲಿಯಾಗುವವರಲ್ಲಿ ಸುಮಾರು ಅರ್ಧದಷ್ಟು ಜನ ಸಾಯುವುದು ಮಟ್ಟ 3 ಎಂದು ಸಾರಿದ ದಿನಗಳಲ್ಲೇ.

ಕಾರಣ ಸರಳ. 5 ಎಂದರೆ ರಸ್ತೆ, ಲಿಫ್ಟ್ ಎಲ್ಲವೂ ಬಂದ್. 4ರ ದಿನ ಬೆಟ್ಟವೇ ಮಾತನಾಡುತ್ತದೆ: ಎದುರಿನ ಇಳಿಜಾರುಗಳಲ್ಲಿ ಹಿಮ ತಾನಾಗಿ ಕುಸಿದ ಹೊಸ ಗಾಯಗಳು ಕಾಣುತ್ತವೆ, ಯಾರೂ ಹೋಗುವ ಧೈರ್ಯ ಮಾಡುವುದಿಲ್ಲ. 3ರ ದಿನ ಬೆಟ್ಟ ಬಹುಮಟ್ಟಿಗೆ ಸುಮ್ಮನಿರುತ್ತದೆ. ಹಿಮಪಾತ ನಿಂತಿರುತ್ತದೆ, ಬಿಸಿಲು ಬಿದ್ದಿರುತ್ತದೆ, ಹೊಸ ಹಿಮ ಕೈಬೀಸಿ ಕರೆಯುತ್ತಿರುತ್ತದೆ. ಆದರೆ ಒಬ್ಬನೇ ಸ್ಕೀಯರ್‌ನ ಭಾರ ಬಿದ್ದರೂ ಕುಸಿಯುವಂಥ ಜಾಗಗಳು ಅಲ್ಲಲ್ಲಿ ಕಾದಿರುತ್ತವೆ. ಜೀವ ತೆಗೆದ ಹಿಮಕುಸಿತಗಳಲ್ಲಿ ಹತ್ತಕ್ಕೆ ಒಂಬತ್ತನ್ನು ಎಬ್ಬಿಸಿದವರು ಅದರಲ್ಲಿ ಸಿಲುಕಿದವರೇ, ಇಲ್ಲವೇ ಅವರ ಜೊತೆಗಿದ್ದವರೇ.

ಕುಸಿಯುವುದು ಏನು? ಗಾಳಿ ಒತ್ತಿ ಗಟ್ಟಿ ಮಾಡಿದ ಹಿಮದ ಚಪ್ಪಡಿ. ಅದರ ಕೆಳಗೆ ಒಂದಕ್ಕೊಂದು ಅಂಟದ ಒರಟು ಹರಳುಗಳ ತೆಳು ಪದರವಿದ್ದರೆ, ಸಕ್ಕರೆ ಸುರಿದು ಅದರ ಮೇಲೆ ಕಲ್ಲು ಹಾಸಿದ ಹಾಗೆ. ಕಾಶ್ಮೀರದಲ್ಲಿ ಈ ಪದರ ಹುಟ್ಟಲು ಹೇಳಿ ಮಾಡಿಸಿದ ಕಾಲ ಚಿಲ್ಲೈ ಕಲಾನ್, ಅಂದರೆ ಡಿಸೆಂಬರ್ 21ರಿಂದ ನಲವತ್ತು ದಿನಗಳ ಕಡು ಚಳಿ. ನೆಲದ ಹತ್ತಿರ ಹಿಮದ ಉಷ್ಣತೆ ಸೊನ್ನೆ ಡಿಗ್ರಿಯ ಆಸುಪಾಸು, ಮೇಲೆ ನಿರ್ಮಲ ಆಕಾಶದ ಕೊರೆಯುವ ರಾತ್ರಿ. ಹಿಮ ತೆಳುವಾಗಿದ್ದಷ್ಟೂ ಈ ಅಂತರ ತೀವ್ರವಾಗಿ, ಕೆಳಗಿನ ಆವಿ ಮೇಲಕ್ಕೇರುತ್ತಾ ಹರಳುಗಳನ್ನು ಬೆಳೆಸುತ್ತದೆ. ಆಮೇಲೆ ಪಶ್ಚಿಮದ ವಾಯುಕ್ಷೋಭೆ, ಅಂದರೆ ಚಳಿಗಾಲದಲ್ಲಿ ಪಶ್ಚಿಮದಿಂದ ಬರುವ ಮಳೆ-ಹಿಮದ ಬಿರುಗಾಳಿ, ಬಂದು ಒಂದೆರಡು ದಿನಗಳಲ್ಲಿ ಮೊಣಕಾಲುದ್ದ, ಸೊಂಟದುದ್ದ ಹಿಮ ಹೇರಿದರೆ ಚಪ್ಪಡಿ ಸಿದ್ಧ. ಹಿಮ ಕಡಿಮೆ ಬಿದ್ದ ವರ್ಷ ಅಪಾಯವೂ ಕಡಿಮೆ ಎಂದು ನಂಬಿದವರು ಬಹಳ ಜನ. ಆದರೆ 2024ರ ಜನವರಿಯಲ್ಲಿ ಗುಲ್ಮಾರ್ಗ್ ಬಹುತೇಕ ಬೋಳಾಗಿತ್ತು, ತಿಂಗಳ ಕೊನೆಯಿಂದ ಹಿಮ ಸುರಿಯಿತು, ಫೆಬ್ರುವರಿ 22ರಂದು ಹಿಮಕುಸಿತದಲ್ಲಿ ರಷ್ಯಾದ ಸ್ಕೀಯರ್ ಒಬ್ಬರು ತೀರಿಕೊಂಡರು. ಅದರ ಹಿಂದಿನ ವರ್ಷ, ಫೆಬ್ರುವರಿ 1ರಂದು, ಅಫರ್ವಾಟ್‌ನ ಹಾಪತ್‌ಖುಡ್‌ನಲ್ಲಿ ಪೋಲೆಂಡಿನ ಇಬ್ಬರು ಸತ್ತಿದ್ದರು.

ಈ ದುರ್ಬಲ ಪದರ ಮೇಲಿನಿಂದ ಕಾಣುವುದಿಲ್ಲ, ಅಗೆದೇ ನೋಡಬೇಕು. ಬಲ್ಲವರು ಇಳಿಜಾರಿನಲ್ಲಿ ಗುಂಡಿ ತೋಡಿ, ಅದರ ಗೋಡೆಯಲ್ಲಿ 30 ಸೆಂಟಿಮೀಟರ್ ಉದ್ದ, ಅಷ್ಟೇ ಅಗಲದ ಹಿಮದ ಕಂಬವೊಂದನ್ನು ಕೊರೆದು ಬಿಡಿಸುತ್ತಾರೆ. ಅದರ ತಲೆಯ ಮೇಲೆ ಸಲಿಕೆಯ ತಟ್ಟೆಯನ್ನಿಟ್ಟು ತಟ್ಟುತ್ತಾರೆ: ಮಣಿಕಟ್ಟಿನಿಂದ ಹತ್ತು ಪೆಟ್ಟು, ಮೊಣಕೈಯಿಂದ ಹತ್ತು, ಭುಜದಿಂದ ಹತ್ತು. ಮಣಿಕಟ್ಟಿನ ಪೆಟ್ಟುಗಳಿಗೇ ಕಂಬದ ಮೇಲ್ಭಾಗ ಗರಗಸದಲ್ಲಿ ಕೊಯ್ದಷ್ಟು ನುಣುಪಾಗಿ ಕಳಚಿ ಮುಂದಕ್ಕೆ ಜಾರಿದರೆ ಅವರು ಸಲಿಕೆ ಮಡಚಿ ಬೇರೆ ದಾರಿ ಹಿಡಿಯುತ್ತಾರೆ. ಕಳಚದಿದ್ದರೆ ನಿಶ್ಚಿಂತೆಯೇ? ಅದೂ ಅಲ್ಲ. ಇಪ್ಪತ್ತು ಮೀಟರ್ ಆಚೆ ಹಿಮದ ರಚನೆಯೇ ಬೇರೆ ಇರಬಹುದು. ಮೊದಲೇ ಯಾರೋ ಇಳಿದ ಗೆರೆಗಳಿವೆ ಎಂಬ ಧೈರ್ಯವೂ ಇದೇ ಕಾರಣಕ್ಕೆ ಹುಸಿ. ನಾಲ್ವರು ದಾಟಿದ ಚಪ್ಪಡಿ ಐದನೆಯವನು ತೆಳು ಭಾಗಕ್ಕೆ ಕಾಲಿಟ್ಟಾಗ ಒಡೆಯಬಹುದು.

ನೀವು ಯಾವ ಪ್ರಕಟಣೆ ಓದುತ್ತಿದ್ದೀರಿ ಎಂಬುದನ್ನೂ ನೋಡಿಕೊಳ್ಳಿ. ರಕ್ಷಣಾ ಸಂಶೋಧನಾ ಸಂಸ್ಥೆ ಡಿಆರ್‌ಡಿಒದ ಅಂಗವಾದ ಡಿಜಿಆರ್‌ಇ ಕೊಡುವ ಎಚ್ಚರಿಕೆ ಬಾರಾಮುಲ್ಲಾ, ಕುಪ್ವಾರಾ ಹೀಗೆ ಇಡೀ ಜಿಲ್ಲೆಗೆ, ಇಂತಿಷ್ಟು ಮೀಟರ್‌ಗಿಂತ ಮೇಲೆ, ಮುಂದಿನ 24 ಗಂಟೆಗೆ ಎಂಬ ರೀತಿಯದು. ಅದು ಊರುಗಳಿಗೆ, ರಸ್ತೆಗಳಿಗೆ, ಸೇನೆಗೆ ಬೇಕಾದ ಮಾಹಿತಿ. ನೀವು ಇಳಿಯಲಿರುವ ಬೋಗುಣಿಯಾಕಾರದ ಇಳಿಜಾರಿನ ಬಗ್ಗೆ ಅದು ಏನನ್ನೂ ಹೇಳುವುದಿಲ್ಲ. ಅದನ್ನು ಗುಲ್ಮಾರ್ಗ್‌ನ ಸ್ಕೀ ಇಳಿಜಾರುಗಳನ್ನು ಕಾಯುವ ಗಸ್ತು ತಂಡದವರನ್ನೇ ಬೆಳಿಗ್ಗೆ ಕೇಳಬೇಕು. ಗೊಂಡೋಲಾ ತೆರೆದಿದೆ ಎಂದರೆ ಅದರ ಕೆಳಗಿನ ಇಳಿಜಾರುಗಳನ್ನು ಅವರು ನೋಡಿಕೊಂಡಿದ್ದಾರೆ ಎಂದಷ್ಟೇ ಅರ್ಥ. ಬೆನ್ನೇಣು ದಾಟಿ ಆಚೆ ಇಳಿದರೆ ಆ ರಕ್ಷಣೆಯಿಲ್ಲ.

ಜಾಗರೂಕತೆ ಎಂದಿರಲ್ಲ, 3ರ ದಿನ ಅದು ಡಿಗ್ರಿಗಳ ಲೆಕ್ಕ. ಚಪ್ಪಡಿಗಳು ಕುಸಿಯುವುದು ಹೆಚ್ಚಾಗಿ 30ರಿಂದ 45 ಡಿಗ್ರಿಯ ಇಳಿಜಾರಿನಲ್ಲಿ, ಅಂದರೆ ಸ್ಕೀಯರ್‌ಗಳಿಗೆ ಅತ್ಯಂತ ಪ್ರಿಯವಾದ ಇಳಿಜಾರಿನಲ್ಲೇ. ಸ್ವಿಟ್ಜರ್ಲೆಂಡಿನ ಪರ್ವತ ಮಾರ್ಗದರ್ಶಿ ವೆರ್ನರ್ ಮುಂಟರ್ ಕೊಟ್ಟ ಸರಳ ಸೂತ್ರದಲ್ಲಿ ಮಟ್ಟ 3ಕ್ಕೆ 35 ಡಿಗ್ರಿಗಿಂತ ಕಡಿದಾದುದು ವರ್ಜ್ಯ. ನಿಮ್ಮಂತೆ ಹೊಸಬರಾದರೆ 30ರ ಒಳಗೇ ಇರಿ ಎನ್ನುತ್ತೇನೆ. ಮೇಲೆ ಕಡಿದಾದ ಇಳಿಜಾರು ತೂಗುತ್ತಿದ್ದರೆ ಅದರ ಬುಡವೂ ಬೇಡ, ಕೆಳಗಿನ ಸಮತಟ್ಟಿನಲ್ಲಿ ನಡೆದವರಿಂದಲೂ ಮೇಲಿನ ಚಪ್ಪಡಿ ಕಳಚಿದ ಉದಾಹರಣೆಗಳಿವೆ. ಕಾಲಡಿಯ ಹಿಮ ಧುಪ್ಪೆಂದು ಕುಸಿದು ಕೂತರೆ, ಸ್ಕೀ ತುದಿಯಿಂದ ಬಿರುಕು ಓಡಿದರೆ, ಅಲ್ಲಿಂದಲೇ ಬಂದ ಹಾದಿಯಲ್ಲಿ ವಾಪಸ್ಸು.

ಇಲ್ಲಿ ನಮ್ಮವರು ಹನುಮಂತಪ್ಪ ಕೊಪ್ಪದ ಅವರನ್ನು ನೆನೆಯುವುದು ಸಹಜ. 2016ರ ಫೆಬ್ರುವರಿಯಲ್ಲಿ ಸಿಯಾಚಿನ್‌ನಲ್ಲಿ ಆರು ದಿನ ಹಿಮದಡಿ ಬದುಕಿದ್ದರಲ್ಲ ಧಾರವಾಡ ಜಿಲ್ಲೆಯ ಆ ಯೋಧ? ಅವರು ಡೇರೆಯೊಳಗಿದ್ದರು, ಉಸಿರಾಡಲು ಒಂದಿಷ್ಟು ಗಾಳಿಯಿತ್ತು. ಆದರೂ ಫೆಬ್ರುವರಿ 11ರಂದು ದೆಹಲಿಯ ಆಸ್ಪತ್ರೆಯಲ್ಲಿ ತೀರಿಕೊಂಡರು. ಜೊತೆಗಿದ್ದ ಒಂಬತ್ತು ಮಂದಿಯಲ್ಲಿ ಯಾರೂ ಉಳಿಯಲಿಲ್ಲ. ಬಯಲಲ್ಲಿ ಹೂತುಹೋದ ಸ್ಕೀಯರ್‌ನ ಲೆಕ್ಕ ದಿನಗಳದ್ದಲ್ಲ. ಮೊದಲ ಹತ್ತು ನಿಮಿಷಗಳಲ್ಲಿ ಹೊರತೆಗೆದವರಲ್ಲಿ ಹತ್ತಕ್ಕೆ ಒಂಬತ್ತು ಜನ ಬದುಕುತ್ತಾರೆ, ಅರ್ಧ ಗಂಟೆಯಾದರೆ ಮೂವರು. ಅಷ್ಟರೊಳಗೆ ಊರಿನಿಂದ ಯಾರೂ ಬರಲಾರರು. ಹಾಗಾಗಿ ಹೂತವರನ್ನು ಹುಡುಕಲು ಸಂಕೇತ ಕಳಿಸಿ ಹಿಡಿಯುವ 457 ಕಿಲೋಹರ್ಟ್ಸ್‌ನ ಟ್ರಾನ್ಸೀವರ್, ಚುಚ್ಚಿ ಹುಡುಕುವ ಉದ್ದನೆಯ ಸಲಾಕೆ, ಸಲಿಕೆ ಈ ಮೂರೂ ಗುಂಪಿನ ಪ್ರತಿಯೊಬ್ಬರ ಬಳಿ ಇರಬೇಕು, ಪ್ರತಿಯೊಬ್ಬರಿಗೂ ಬಳಸಲು ಬರಬೇಕು. ನಿಮ್ಮ ಬಳಿಯ ಉಪಕರಣ ನಿಮ್ಮ ಜೊತೆಗಾರರನ್ನು ಹುಡುಕಲಿಕ್ಕೆ. ನಿಮ್ಮನ್ನು ಹುಡುಕುವುದು ಅವರ ಕೈಯಲ್ಲಿರುವುದು.