ಸಿ ಕಂಪೈಲರ್ ಯಾವಾಗ ಎಚ್ಚರಿಸುತ್ತದೆ, ಯಾವಾಗ ತಡೆಯುತ್ತದೆ: ಐದು ದಶಕಗಳ ಹಿನ್ನೆಲೆ

ಇಪ್ಪತ್ತು ವರ್ಷಗಳಿಂದ ಯಾವ ತಂಟೆಯೂ ಇಲ್ಲದೆ ಬಿಲ್ಡ್ ಆಗುತ್ತಿದ್ದ ಸಿ ಪ್ರೋಗ್ರಾಮ್ ಒಂದು, ಹೊಸ ಕಂಪೈಲರ್ (ಕೋಡನ್ನು ಮೆಷೀನಿನ ಭಾಷೆಗೆ ತಿರುಗಿಸುವ ಪ್ರೋಗ್ರಾಮ್) ಹಾಕಿಕೊಂಡ ಕೂಡಲೇ ನಿಂತುಹೋಗುತ್ತದೆ. ಕೋಡಿನಲ್ಲಿ ಒಂದಕ್ಷರವೂ ಬದಲಾಗಿಲ್ಲ. ಈವರೆಗೆ ‘ವಾರ್ನಿಂಗ್’ ಎಂದು ಬರುತ್ತಿದ್ದ ಸಾಲು ಈಗ ‘ಎರರ್’ ಎಂದು ಬಂದಿದೆ. 2023ರ ಮಾರ್ಚ್‌ನಲ್ಲಿ ಕ್ಲ್ಯಾಂಗ್ 16, 2024ರ ಮೇ ತಿಂಗಳಲ್ಲಿ ಜಿಸಿಸಿ 14 ಎಂಬ ಕಂಪೈಲರ್ ಆವೃತ್ತಿಗಳು ಹೊರಬಂದ ಮೇಲೆ ಇಂಥ ದೂರುಗಳು ಸಾಲುಗಟ್ಟಿದವು. ನಡೆಯುತ್ತಿದ್ದುದನ್ನು ಯಾಕೆ ಕೆಡಿಸಿದಿರಿ ಎಂದು ಕೆಲವರು ಕೇಳಿದರೆ, ಅದು ಸರಿಯಾಗಿ ನಡೆಯುತ್ತಲೇ ಇರಲಿಲ್ಲ ಎಂಬುದು ಇನ್ನು ಕೆಲವರ ಉತ್ತರ. ಇಬ್ಬರ ಮಾತಿಗೂ ಹಿಂದೆ ಉದ್ದದ ಇತಿಹಾಸವಿದೆ.

ಕಂಪೈಲರ್ ಕೋಡನ್ನು ಓದುವಾಗ ಮೊದಲು ನೋಡುವುದು ವಾಕ್ಯರಚನೆ: ಆವರಣ ಮುಚ್ಚಿದೆಯೇ, ಸೆಮಿಕೋಲನ್ ಇದೆಯೇ ಎಂಬಷ್ಟು. ಅದು ಸರಿಯಿದ್ದರೆ ಅರ್ಥದ ಸರದಿ. ಈ ಹೆಸರನ್ನು ಎಲ್ಲಿ ಘೋಷಿಸಲಾಗಿದೆ? ಇದರ ಟೈಪ್ (ಹಿಡಿಯುವ ಬೆಲೆಯ ಬಗೆ) ಏನು? ಒಂದು ಪಾಯಿಂಟರನ್ನು (ಮೆಮೊರಿಯ ವಿಳಾಸವನ್ನು) ಇನ್ನೊಂದು ಪಾಯಿಂಟರಿಗೆ ಕೂಡಿಸಲು ಹೊರಟಿದ್ದಾರಲ್ಲ, ಅದಕ್ಕೆ ಅವಕಾಶ ಇದೆಯೇ? ಇದೇ ಸೆಮ್ಯಾಂಟಿಕ್ ತಪಾಸಣೆ. ಇಲ್ಲಿ ಸಿಗುವ ತಪ್ಪುಗಳು ಎರಡು ಬಗೆಯವು. ಕೆಲವು ಭಾಷೆಯ ನಿಯಮವನ್ನೇ ಮುರಿಯುತ್ತವೆ. ಇನ್ನು ಕೆಲವು ನಿಯಮದೊಳಗೇ ಇರುತ್ತವೆ, ಆದರೆ ಬರೆದವರ ಮನಸ್ಸಿನಲ್ಲಿ ಇದ್ದದ್ದು ಇದಲ್ಲ ಎಂಬ ಸಂಶಯ ಹುಟ್ಟಿಸುತ್ತವೆ. ಈ ಎರಡರ ನಡುವಿನ ಗೆರೆ ಸಿ ಭಾಷೆಯಲ್ಲಿ ಬೇರೆ ಭಾಷೆಗಳಿಗಿಂತ ಹೆಚ್ಚು ಮಸುಕಾಗಿರುವುದಕ್ಕೆ ಅದರ ಹುಟ್ಟೇ ಕಾರಣ.

ಬೆಲ್ ಲ್ಯಾಬ್ಸ್‌ನಲ್ಲಿ ಡೆನ್ನಿಸ್ ರಿಚಿ 1970ರ ದಶಕದ ಆರಂಭದಲ್ಲಿ ಸಿ ರೂಪಿಸಿದ್ದು ಬಿ ಎಂಬ ಭಾಷೆಯ ಮೇಲೆ. ಬಿಯಲ್ಲಿ ಟೈಪ್ ಎಂಬುದೇ ಇರಲಿಲ್ಲ. ಅಂಕಿಯಾಗಲಿ, ವಿಳಾಸವಾಗಲಿ, ಎಲ್ಲವೂ ಮೆಷೀನಿನ ಒಂದು ವರ್ಡ್ (ನಿಗದಿತ ಅಳತೆಯ ಬಿಟ್‌ಗಳ ಗುಂಪು). ಸಿಗೆ ಟೈಪ್‌ಗಳು ಬಂದವಾದರೂ ಹಳೆಯ ಅಭ್ಯಾಸ ಉಳಿಯಿತು. ಟೈಪ್ ಹೇಳದಿದ್ದರೆ ಅದು ಇಂಟ್, ಅಂದರೆ ಪೂರ್ಣಾಂಕ. ಮೊದಲೇ ಘೋಷಿಸದ ಫಂಕ್ಷನ್ (ಹೆಸರಿಟ್ಟ ಕೋಡಿನ ತುಣುಕು) ಕರೆದರೆ ಅದು ಮರಳಿಸುವುದೂ ಇಂಟ್. ಅಂದಿನ ಪಿಡಿಪಿ-11 ಮೆಷೀನಿನಲ್ಲಿ ಇಂಟ್ 16 ಬಿಟ್, ಪಾಯಿಂಟರ್ ಕೂಡ 16 ಬಿಟ್. ಕಂಪೈಲರ್ ತಪ್ಪು ಊಹಿಸಿದರೂ ಉತ್ತರ ಸರಿಯಾಗಿಯೇ ಬರುತ್ತಿತ್ತು. ಮೆಮೊರಿ ಅಷ್ಟು ಕಡಿಮೆಯಿದ್ದ ಮೆಷೀನಿನಲ್ಲಿ ಕಂಪೈಲರ್ ಚಿಕ್ಕದಾಗಿ, ಚುರುಕಾಗಿ ಇರಲೇಬೇಕಿತ್ತು. ಹೆಚ್ಚಿನ ತಪಾಸಣೆಗೆ ಅಲ್ಲಿ ಜಾಗವೇ ಇರಲಿಲ್ಲ.

ಆ ಕೆಲಸಕ್ಕೆಂದು ಬೇರೆಯದೇ ಪ್ರೋಗ್ರಾಮ್ ಬಂತು. ಅದೇ ಪ್ರಯೋಗಾಲಯದ ಸ್ಟೀಫನ್ ಜಾನ್ಸನ್ ಬರೆದ ಲಿಂಟ್, 1979ರ ಏಳನೇ ಆವೃತ್ತಿಯ ಯುನಿಕ್ಸ್ ಜೊತೆ ಹೊರಜಗತ್ತಿಗೆ ಹರಡಿತು. ಹಲವು ಫೈಲುಗಳನ್ನು ಒಟ್ಟಿಗೆ ಓದಿ, ಒಂದೇ ಫಂಕ್ಷನ್ನಿಗೆ ಒಂದೆಡೆ ಎರಡು ಆರ್ಗ್ಯುಮೆಂಟ್ (ಒಳಗೆ ಕಳಿಸುವ ಬೆಲೆ) ಕೊಟ್ಟು ಇನ್ನೊಂದೆಡೆ ಮೂರು ಕೊಟ್ಟಿದ್ದರೆ ಅದು ಹೇಳುತ್ತಿತ್ತು. ಬೆಲೆ ತುಂಬುವ ಮೊದಲೇ ಬಳಸಿದ ವೇರಿಯಬಲ್, ಯಾವತ್ತೂ ತಲುಪಲಾಗದ ಸಾಲು ಇಂಥವನ್ನೂ ಹಿಡಿಯುತ್ತಿತ್ತು. ಜಾಣತನದ ಏರ್ಪಾಡು. ಆದರೆ ಕಂಪೈಲರ್ ಓಡಿಸದೆ ಪ್ರೋಗ್ರಾಮ್ ಆಗದು, ಲಿಂಟ್ ಓಡಿಸದೆಯೂ ಆಗುತ್ತದೆ. ಗಡುವು ಹತ್ತಿರವಾದಾಗ ಯಾವುದನ್ನು ಕೈಬಿಡುತ್ತಾರೆ ಎಂದು ಬಿಡಿಸಿ ಹೇಳಬೇಕಿಲ್ಲ. ತಪಾಸಣೆ ಬೇಕಿದ್ದವರಿಗೆ ಮಾತ್ರ ಎಂಬ ರೂಢಿ ಬೇರುಬಿಟ್ಟದ್ದು ಇಲ್ಲಿ. ಮೆಮೊರಿಯ ಕೊರತೆ ಹೋದ ಮೇಲೂ ಆ ರೂಢಿ ಹೋಗಲಿಲ್ಲ.

1989ರಲ್ಲಿ ಅಮೆರಿಕದ ಮಾನಕ ಸಂಸ್ಥೆ ಆನ್ಸಿಯ ಸಮಿತಿ ಸಿ ಭಾಷೆಗೆ ಮೊದಲ ಮಾನಕ ಕೊಟ್ಟಿತು. ಫಂಕ್ಷನ್ನಿನ ಆರ್ಗ್ಯುಮೆಂಟುಗಳ ಟೈಪನ್ನು ಮೊದಲೇ ಸಾರುವ ಪ್ರೋಟೋಟೈಪ್ ಬಂದದ್ದರಿಂದ ಲಿಂಟ್ ಮಾಡುತ್ತಿದ್ದ ದೊಡ್ಡ ಕೆಲಸವೊಂದನ್ನು ಕಂಪೈಲರೇ ಮಾಡುವಂತಾಯಿತು. ಆದರೆ ಇಂದಿನ ಗೊಂದಲಕ್ಕೆ ಮೂಲವಾದ ಎರಡು ತೀರ್ಮಾನಗಳೂ ಅದರಲ್ಲಿವೆ. ಒಂದು: ನಿಯಮ ಮುರಿದರೆ ಕಂಪೈಲರ್ ಕನಿಷ್ಠ ಒಂದು ಸಂದೇಶ ಕೊಡಬೇಕು, ಆದರೆ ಅದರ ರೂಪ ಕಂಪೈಲರ್ ಕಟ್ಟುವವರಿಗೆ ಬಿಟ್ಟದ್ದು. ಎಚ್ಚರಿಕೆ ಕೊಟ್ಟು ಮುಂದೆ ಹೋದರೂ ಮಾನಕ ಪಾಲಿಸಿದಂತೆಯೇ. ಇನ್ನೊಂದು: ‘ಅನಿರ್ದಿಷ್ಟ ವರ್ತನೆ’ (ಏನಾಗಬೇಕೆಂದು ಮಾನಕ ಹೇಳದ್ದು) ಎಂದು ಗುರುತಿಸಿದ ಕಡೆಗಳಲ್ಲಿ ಯಾವ ಸಂದೇಶವೂ ಕಡ್ಡಾಯವಲ್ಲ. ಅಂದರೆ ಅತಿ ಅಪಾಯದ ತಪ್ಪುಗಳ ಬಗ್ಗೆಯೇ ಕಂಪೈಲರ್ ಸುಮ್ಮನಿರಬಹುದು.

ಈ ಎರಡನೆಯದರ ಬಿಸಿ ತಟ್ಟಲು ಇಪ್ಪತ್ತು ವರ್ಷ ಬೇಕಾಯಿತು. 2009ರಲ್ಲಿ ಲಿನಕ್ಸ್ ಕರ್ನಲ್‌ನ (ಆ ಆಪರೇಟಿಂಗ್ ಸಿಸ್ಟಮ್‌ನ ತಿರುಳಿನ) ಟನ್ ಎಂಬ ನೆಟ್‌ವರ್ಕ್ ಡ್ರೈವರಿನಲ್ಲಿ ಒಂದು ಲೋಪ ಸಿಕ್ಕಿತು. ಒಂದು ಪಾಯಿಂಟರ್ ನಲ್ (ಎಲ್ಲಿಗೂ ತೋರಿಸದ್ದು) ಆಗಿದ್ದರೆ ಹಿಂದಿರುಗು ಎಂಬ ಪರೀಕ್ಷೆ ಕೋಡಿನಲ್ಲಿ ಸ್ಪಷ್ಟವಾಗಿಯೇ ಇತ್ತು. ಆದರೆ ಅದಕ್ಕೂ ಮೇಲಿನ ಸಾಲಿನಲ್ಲಿ ಅದೇ ಪಾಯಿಂಟರ್ ಮೂಲಕ ಒಂದು ಬೆಲೆ ಓದಲಾಗಿತ್ತು. ನಲ್ ಪಾಯಿಂಟರ್ ಮೂಲಕ ಓದುವುದು ಅನಿರ್ದಿಷ್ಟ ವರ್ತನೆ, ಅದು ಆಗುವುದೇ ಇಲ್ಲ ಎಂದು ಕಂಪೈಲರ್ ಎಣಿಸಬಹುದು, ಹಾಗಾಗಿ ಇದು ನಲ್ ಆಗಿರಲಾರದು, ಹಾಗಾಗಿ ಕೆಳಗಿನ ಪರೀಕ್ಷೆ ಬೇಡ. ಹೀಗೆ ತರ್ಕಿಸಿದ ಆಪ್ಟಿಮೈಸರ್ (ಕೋಡನ್ನು ಚುರುಕುಗೊಳಿಸುವ ಕಂಪೈಲರಿನ ಭಾಗ) ಪರೀಕ್ಷೆಯನ್ನೇ ಅಳಿಸಿಹಾಕಿತು. ಸೋರ್ಸ್ ಕೋಡ್ ಓದಿದವರಿಗೆ ಪರೀಕ್ಷೆ ಕಾಣುತ್ತಿತ್ತು, ಓಡುವ ಪ್ರೋಗ್ರಾಮಿನಲ್ಲಿ ಅದು ಇರಲಿಲ್ಲ. ಇದನ್ನು ಬಳಸಿಕೊಂಡು ಸಾಮಾನ್ಯ ಬಳಕೆದಾರ ರೂಟ್ ಅಧಿಕಾರ, ಅಂದರೆ ಸಿಸ್ಟಮ್‌ನ ಪೂರ್ಣ ಅಧಿಕಾರ, ಪಡೆಯಬಹುದಿತ್ತು. ಅಲ್ಲಿಂದ ಮುಂದೆ ಕರ್ನಲ್ ಅನ್ನು ಇಂಥ ಪರೀಕ್ಷೆಗಳನ್ನು ಅಳಿಸಬೇಡ ಎಂಬ ಆಯ್ಕೆ ಕೊಟ್ಟೇ ಕಂಪೈಲ್ ಮಾಡುತ್ತಾರೆ. ಆದರೆ ಪರೀಕ್ಷೆ ತೆಗೆದೆ ಎಂದು ಕಂಪೈಲರ್ ಹೇಳಬಾರದಿತ್ತೇ? ಮ್ಯಾಕ್ರೋ ಮತ್ತು ಇನ್‌ಲೈನ್ ಫಂಕ್ಷನ್ (ಬಳಸಿದ ಜಾಗದಲ್ಲೇ ಪೂರ್ತಿ ಕೋಡಾಗಿ ಹರಡುವಂಥವು) ಬಿಚ್ಚಿಕೊಂಡಾಗ ಇಂಥ ಅಳಿಸುವಿಕೆ ಪ್ರತಿ ಫೈಲಿನಲ್ಲೂ ನಡೆಯುತ್ತಿರುತ್ತದೆ, ಬಹುಪಾಲು ನಿರುಪದ್ರವಿ. ಎಲ್ಲವನ್ನೂ ಹೇಳಿದರೆ ಯಾರೂ ಓದುವುದಿಲ್ಲ.

ಎಚ್ಚರಿಕೆಗಳ ಇತಿಹಾಸದಲ್ಲಿ ಎಲ್ಲರನ್ನೂ ಕಾಡಿದ್ದು ಈ ಗದ್ದಲದ ಸಮಸ್ಯೆಯೇ. ರಿಚರ್ಡ್ ಸ್ಟಾಲ್ಮನ್ 1987ರಲ್ಲಿ ಹೊರತಂದ ಜಿಸಿಸಿಗೆ ಎಚ್ಚರಿಕೆಗಳು ಒಂದೊಂದಾಗಿ ಸೇರುತ್ತ ಹೋದವು. ಡಬ್ಲ್ಯು-ಆಲ್ ಎಂಬ ಆಯ್ಕೆ ಅವುಗಳಲ್ಲಿ ಹೆಚ್ಚು ಉಪಯುಕ್ತ ಎನಿಸಿದ ಒಂದು ಗುಂಪನ್ನು ಮಾತ್ರ ತೆರೆಯುತ್ತದೆ. ಇನ್ನಷ್ಟಕ್ಕೆ ಡಬ್ಲ್ಯು-ಎಕ್ಸ್‌ಟ್ರಾ, ಅದರಾಚೆಗೂ ಹತ್ತಾರು ಉಳಿಯುತ್ತವೆ. ಬೆಲೆ ತುಂಬದ ವೇರಿಯಬಲ್ ಬಗ್ಗೆ ಜಿಸಿಸಿ ಹೇಳುವುದು ಆಪ್ಟಿಮೈಸರ್ ಕಲೆಹಾಕಿದ ಮಾಹಿತಿಯ ಮೇಲೆ. ಹಾಗಾಗಿ ಆಪ್ಟಿಮೈಸೇಷನ್ ಮಟ್ಟ ಬದಲಿಸಿದರೆ ಎಚ್ಚರಿಕೆಯೂ ಬಂದು ಹೋಗುತ್ತದೆ. ‘ಖಂಡಿತ ತುಂಬಿಲ್ಲ’ ಮತ್ತು ‘ತುಂಬಿಲ್ಲದಿರಬಹುದು’ ಎಂಬ ಎರಡನ್ನು ಬೇರ್ಪಡಿಸಿದ್ದು 2012ರ ಜಿಸಿಸಿ 4.7ರಲ್ಲಿ. ಆದರೂ ಎರಡನೆಯದರಲ್ಲಿ ಹುಸಿ ಎಚ್ಚರಿಕೆ ಎಷ್ಟು ಹೆಚ್ಚಿತ್ತೆಂದರೆ 2020ರಲ್ಲಿ ಲಿನಕ್ಸ್ ಕರ್ನಲ್ ತನ್ನ ಸಾಮಾನ್ಯ ಬಿಲ್ಡ್‌ನಲ್ಲಿ ಅದನ್ನು ನಿಲ್ಲಿಸಿಯೇಬಿಟ್ಟಿತು. ಹುಸಿ ಎಚ್ಚರಿಕೆ ನಿಜವಾದ ಎಚ್ಚರಿಕೆಯ ಮರ್ಯಾದೆಯನ್ನೂ ತೆಗೆಯುತ್ತದೆ.

ಉದ್ದೇಶವನ್ನು ಊಹಿಸುವ ಎಚ್ಚರಿಕೆಗಳಿಗೆ ಇನ್ನೊಂದು ಮಿತಿಯಿದೆ. ಸಿ ಭಾಷೆಯಲ್ಲಿ == ಹೋಲಿಸುತ್ತದೆ, = ಬೆಲೆ ತುಂಬುತ್ತದೆ. ಷರತ್ತಿನಲ್ಲಿ ಒಂದೇ = ಕಂಡರೆ ಜಿಸಿಸಿ ಎಚ್ಚರಿಸುತ್ತದೆ; ಬೇಕೆಂದೇ ಬರೆದದ್ದಾದರೆ ಇನ್ನೊಂದು ಜೊತೆ ಆವರಣ ಹಾಕಿದರೆ ಸುಮ್ಮನಾಗುತ್ತದೆ. 2003ರ ನವೆಂಬರಿನಲ್ಲಿ ಲಿನಕ್ಸ್ ಕರ್ನಲ್‌ನ ಒಂದು ಸಿವಿಎಸ್ (ಕೋಡಿನ ಆವೃತ್ತಿಗಳನ್ನು ಇಡುವ ವ್ಯವಸ್ಥೆ) ನಕಲಿಗೆ ಯಾರೋ ಎರಡು ಸಾಲು ತುರುಕಿದ್ದರು. ಬಳಕೆದಾರನ ಯುಐಡಿ (ಗುರುತಿನ ಸಂಖ್ಯೆ) ಸೊನ್ನೆಯೇ, ಅಂದರೆ ಅವನು ರೂಟೇ ಎಂದು ನೋಡುವಂತೆ ತೋರುವ ಷರತ್ತು ಅದು. ಆದರೆ ಅಲ್ಲಿದ್ದುದು ಒಂದೇ =, ಅದೂ ಆವರಣದೊಳಗೆ. ಹಾಗಾಗಿ ಎಚ್ಚರಿಕೆ ಬರುವಂತಿರಲಿಲ್ಲ, ಸಾಲು ಓಡಿದರೆ ಬಳಕೆದಾರ ರೂಟ್ ಆಗಿಬಿಡುತ್ತಿದ್ದ. ಈ ಬದಲಾವಣೆ ಮೂಲ ಭಂಡಾರದಲ್ಲಿ ಇಲ್ಲವಲ್ಲ ಎಂದು ಗಮನಿಸಿದ್ದರಿಂದ ಅದು ಸಿಕ್ಕಿಬಿತ್ತು. ಕಂಪೈಲರನ್ನು ಸುಮ್ಮನಾಗಿಸುವ ದಾರಿ ಇದ್ದಷ್ಟು ಕಾಲ ಆ ದಾರಿ ಎಲ್ಲರಿಗೂ ತೆರೆದಿರುತ್ತದೆ.

2007ರಲ್ಲಿ ಕ್ಲ್ಯಾಂಗ್ ಸೋರ್ಸ್ ಬಹಿರಂಗವಾದ ಮೇಲೆ ಸಂದೇಶಗಳ ಭಾಷೆಯೇ ಬದಲಾಯಿತು. ಬರಿ ಸಾಲಿನ ಸಂಖ್ಯೆ ಹೇಳಿ ಕೈತೊಳೆದುಕೊಳ್ಳದೆ, ಆ ಸಾಲನ್ನೇ ತೋರಿಸಿ, ತಪ್ಪಿದ ಜಾಗದ ಕೆಳಗೆ ಗುರುತು ಹಾಕಿ, ಹೀಗೆ ತಿದ್ದಬಹುದು ಎಂದು ಸೂಚಿಸುವುದು ಶುರುವಾಯಿತು. ಜಿಸಿಸಿಯೂ 2013ರ 4.8ರಲ್ಲಿ ಅದೇ ಗುರುತು ತಂದಿತು. ಪೈಪೋಟಿಯಿಂದ ಎರಡೂ ಸುಧಾರಿಸಿದವು. 2014ರ ಫೆಬ್ರವರಿಯಲ್ಲಿ ಐಫೋನ್ ಮತ್ತು ಮ್ಯಾಕ್‌ಗಳ ಭದ್ರತಾ ಕೋಡಿನಲ್ಲಿ ಒಂದು ಗೋಟೂ (ಬೇರೆ ಜಾಗಕ್ಕೆ ಜಿಗಿಯುವ) ಸಾಲು ಎರಡು ಸಲ ಬಿದ್ದು, ಮುಂದಿನ ಪರಿಶೀಲನೆಯೇ ತಪ್ಪಿಹೋಗಿದ್ದು ಬಯಲಾಯಿತು. ತಲುಪಲಾಗದ ಕೋಡಿನ ಎಚ್ಚರಿಕೆ ಕ್ಲ್ಯಾಂಗ್‌ನಲ್ಲಿ ಇತ್ತು, ಆದರೆ ಡಬ್ಲ್ಯು-ಆಲ್‌ನಲ್ಲಿ ಇರಲಿಲ್ಲ. ಎರಡು ವರ್ಷದ ಮೇಲೆ ಜಿಸಿಸಿ 6, ದಾರಿ ತಪ್ಪಿಸುವ ಇಂಡೆಂಟೇಷನ್ (ಸಾಲಿನ ಆರಂಭದ ಖಾಲಿ ಜಾಗ) ಹಿಡಿಯುವ ಎಚ್ಚರಿಕೆಯನ್ನು ಡಬ್ಲ್ಯು-ಆಲ್‌ಗೇ ಸೇರಿಸಿತು.

ಈಗಿನ ಜಗಳದ ಕೇಂದ್ರಕ್ಕೆ ಬರೋಣ: ಘೋಷಿಸದ ಫಂಕ್ಷನ್ ಕರೆಯುವುದು. ಕ್ಲ್ಯಾಂಗ್ 16 ಮತ್ತು ಜಿಸಿಸಿ 14 ಮುಖ್ಯವಾಗಿ ಎರರ್ ಎಂದದ್ದು ಇದನ್ನೇ. 1999ರ ಮಾನಕ ಇದನ್ನು ಭಾಷೆಯಿಂದಲೇ ತೆಗೆದುಹಾಕಿತು. ಆದರೆ ಸಂದೇಶ ಕೊಟ್ಟರೆ ಸಾಕು ಎಂಬ ಹಳೆಯ ನಿಯಮವಿತ್ತಲ್ಲ, ಕಂಪೈಲರುಗಳು ಎಚ್ಚರಿಸಿ ಮುಂದುವರಿದವು. ಜಿಸಿಸಿಯಂತೂ 2015ರಲ್ಲಿ 5ನೇ ಆವೃತ್ತಿ ಬರುವವರೆಗೂ 1989ರ ಭಾಷೆಯನ್ನೇ ಡಿಫಾಲ್ಟ್ ಆಗಿ ಇಟ್ಟುಕೊಂಡಿತ್ತು; ನೀವಾಗಿ ಕೇಳದಿದ್ದರೆ ಎಚ್ಚರಿಕೆಯೂ ಇಲ್ಲ. ಈ ನಡುವೆ ಮೆಷೀನುಗಳು 64 ಬಿಟ್ ಆದವು. ಪಾಯಿಂಟರ್ 64 ಬಿಟ್‌ಗೆ ಬೆಳೆಯಿತು, ಇಂಟ್ 32ರಲ್ಲೇ ಉಳಿಯಿತು.

ಪರಿಣಾಮವನ್ನು ಹತ್ತಿರದಿಂದ ನೋಡಿದರೆ ಹೀಗೆ. ಒಂದು ಫೈಲಿನಲ್ಲಿ ಹೀಪ್‌ನಿಂದ (ಓಡುವಾಗ ಬೇಕಾದಷ್ಟು ಕೇಳಿ ಪಡೆಯುವ ಜಾಗದಿಂದ) ಮೆಮೊರಿ ಪಡೆದು ಅದರ ವಿಳಾಸ ಮರಳಿಸುವ ಫಂಕ್ಷನ್ ಇದೆ. ಇನ್ನೊಂದು ಫೈಲ್ ಅದನ್ನು ಕರೆಯುತ್ತದೆ, ಆದರೆ ಅದರ ಘೋಷಣೆ ಇರುವ ಹೆಡರ್ ಫೈಲ್ ಸೇರಿಸುವುದು ಮರೆತಿದೆ. ಫಂಕ್ಷನ್ 64 ಬಿಟ್ ವಿಳಾಸ ಮರಳಿಸುತ್ತದೆ. ಕರೆದ ಕಡೆ ಅದನ್ನು ಇಂಟ್ ಎಂದು ಭಾವಿಸಿ ಕೆಳಗಿನ 32 ಬಿಟ್ ಮಾತ್ರ ಉಳಿಸಿಕೊಂಡು, ಅದನ್ನೇ ಮತ್ತೆ ಹಿಗ್ಗಿಸಿ ಪಾಯಿಂಟರ್ ಮಾಡುತ್ತದೆ. ಮೇಲಿನ ಅರ್ಧ ಹೋಯಿತು. ಹಿಂದೆ ಲಿನಕ್ಸ್‌ನಲ್ಲಿ ಪ್ರೋಗ್ರಾಮುಗಳು ಕೆಳಗಿನ ವಿಳಾಸಗಳಲ್ಲಿ ಲೋಡ್ ಆಗಿ, ಹೀಪ್ ಕೂಡ ಅವುಗಳ ಪಕ್ಕದಲ್ಲೇ ಇರುತ್ತಿದ್ದುದರಿಂದ ಮೇಲಿನ ಅರ್ಧ ಹೇಗೂ ಸೊನ್ನೆ, ಕಳೆದುಹೋದರೂ ಗೊತ್ತಾಗುತ್ತಿರಲಿಲ್ಲ. ಭದ್ರತೆಗಾಗಿ ಪ್ರೋಗ್ರಾಮುಗಳನ್ನು ಊಹಿಸಲಾಗದ ಕಡೆ, ಎತ್ತರದ ವಿಳಾಸದಲ್ಲಿ ಲೋಡ್ ಮಾಡುವ ಪದ್ಧತಿ ಡಿಫಾಲ್ಟ್ ಆದದ್ದೇ ತಡ, ಅದೇ ಕೋಡ್ ಕ್ರ್ಯಾಶ್ ಆಗತೊಡಗಿತು. ಮೆಮೊರಿ ಕೊಡುವ ಮ್ಯಾಲಕ್‌ನಂಥ ಹೆಸರಾಂತ ಫಂಕ್ಷನ್‌ಗಳನ್ನು ಜಿಸಿಸಿ ತಾನೇ ಗುರುತಿಸಿ ಸರಿಯಾದ ಟೈಪ್ ಕೊಡುವುದರಿಂದ ಎಷ್ಟೋ ಪ್ರೋಗ್ರಾಮುಗಳು ಬಚಾವಾದವು. ನೀವೇ ಬರೆದ ಫಂಕ್ಷನ್ನಿಗೆ ಆ ರಕ್ಷಣೆ ಇಲ್ಲ.

ಇಷ್ಟು ಸ್ಪಷ್ಟವಾದ ತಪ್ಪನ್ನು ತಡೆಯಲು ಕಾಲು ಶತಮಾನ ಯಾಕೆ ಬೇಕಾಯಿತು? ದೊಡ್ಡ ಅಡ್ಡಿ ಬಂದದ್ದು ಪ್ರೋಗ್ರಾಮುಗಳಿಂದಲ್ಲ, ಅವುಗಳ ಬಿಲ್ಡ್‌ಗೆ ಮುಂಚೆ ಓಡುವ ಕಾನ್ಫಿಗರ್ ಸ್ಕ್ರಿಪ್ಟ್‌ಗಳಿಂದ. ಒಂದು ಸೌಲಭ್ಯ ಸಿಸ್ಟಮ್‌ನಲ್ಲಿ ಇದೆಯೇ ಎಂದು ತಿಳಿಯಲು ಅವು ಪುಟ್ಟ ಸಿ ಪ್ರೋಗ್ರಾಮ್ ಬರೆದು ಕಂಪೈಲ್ ಮಾಡಿ ನೋಡುತ್ತವೆ. ಕಂಪೈಲ್ ಆದರೆ ಸೌಲಭ್ಯ ಇದೆ, ಆಗದಿದ್ದರೆ ಇಲ್ಲ. ಹಳೆಯ ಸ್ಕ್ರಿಪ್ಟ್‌ಗಳು ಆ ಪುಟ್ಟ ಪ್ರೋಗ್ರಾಮಿನಲ್ಲಿ ಮೇನ್‌ಗೆ (ಪ್ರೋಗ್ರಾಮ್ ಶುರುವಾಗುವ ಫಂಕ್ಷನ್ನಿಗೆ) ಟೈಪ್ ಬರೆಯುವುದಿಲ್ಲ, ಹೆಡರ್ ಇಲ್ಲದೆ ಎಕ್ಸಿಟ್ ಕರೆಯುತ್ತವೆ. ಎಚ್ಚರಿಕೆಯನ್ನು ಎರರ್ ಆಗಿ ಬದಲಿಸಿದರೆ ಪರೀಕ್ಷೆ ವಿಫಲವಾಗುತ್ತದೆ, ಇರುವ ಸೌಲಭ್ಯ ಇಲ್ಲವೆಂದು ದಾಖಲಾಗುತ್ತದೆ. ಬಿಲ್ಡ್ ನಿಲ್ಲುವುದಿಲ್ಲ, ಪ್ಯಾಕೇಜ್ ತಯಾರಾಗುತ್ತದೆ, ಅದರಲ್ಲಿ ಏನೋ ಒಂದು ಕಾಣೆಯಾಗಿರುತ್ತದೆ. ನಿಂತುಹೋದ ಬಿಲ್ಡ್ ಕಣ್ಣಿಗೆ ಬೀಳುತ್ತದೆ, ಇದು ಬೀಳುವುದಿಲ್ಲ. ಕ್ಲ್ಯಾಂಗ್ 15ರಲ್ಲೇ ಬರಬೇಕಿದ್ದ ಬದಲಾವಣೆ 16ಕ್ಕೆ ಮುಂದೂಡಲ್ಪಟ್ಟದ್ದು ಇದೇ ಆತಂಕದಿಂದ. ಫೆಡೋರಾ ಮತ್ತು ಜೆಂಟೂ ಎಂಬ ಲಿನಕ್ಸ್ ಆವೃತ್ತಿಗಳ ಬಳಗಗಳು ತಮ್ಮ ಪ್ಯಾಕೇಜುಗಳನ್ನು ಮೊದಲೇ ಜಾಲಾಡಿ, ಇಂಥ ಸ್ಕ್ರಿಪ್ಟ್‌ಗಳನ್ನು ಹುಡುಕಿ ತಿದ್ದಿ, ತಿದ್ದುಪಡಿಗಳನ್ನು ಮೂಲ ಯೋಜನೆಗಳಿಗೆ ಕಳಿಸಿದವು. ಹೆಸರು ಬಾರದ, ಬೇಸರ ತರಿಸುವ ಈ ದುಡಿಮೆ ನಡೆಯದಿದ್ದರೆ ಜಿಸಿಸಿ 14 ಹೊರಬಂದ ಮೇಲೆ ಆದ ತೊಂದರೆ ಹಲವು ಪಟ್ಟು ಇರುತ್ತಿತ್ತು.

ಎಲ್ಲ ಎಚ್ಚರಿಕೆಗಳನ್ನೂ ಎರರ್ ಎಂದು ಎಣಿಸುವ ಡಬ್ಲ್ಯು-ಎರರ್ ಬೇರೆಯೇ ವಿಚಾರ, ಅದನ್ನೂ ಈ ಬದಲಾವಣೆಯನ್ನೂ ಒಂದೇ ತಕ್ಕಡಿಯಲ್ಲಿ ಹಾಕುವುದು ಸರಿಯಲ್ಲ. 2021ರಲ್ಲಿ ಕರ್ನಲ್ ಅದನ್ನು ಎಲ್ಲರಿಗೂ ಡಿಫಾಲ್ಟ್ ಮಾಡಲು ಹೋಗಿ, ಕೆಲವೇ ದಿನಗಳಲ್ಲಿ ಪರೀಕ್ಷಾ ಬಿಲ್ಡ್‌ಗಳಿಗೆ ಸೀಮಿತಗೊಳಿಸಿತು. ನಾಳಿನ ಕಂಪೈಲರ್ ಯಾವ ಹೊಸ ಸಂಶಯ ಎತ್ತುತ್ತದೆಂದು ಇವತ್ತಿನ ಕೋಡಿಗೆ ಗೊತ್ತಿರುವುದಿಲ್ಲ. ಸಂಶಯಕ್ಕೆ ಎಚ್ಚರಿಕೆ ಸಾಕು. ಮಾನಕವೇ ಬೇಡವೆಂದು ತೆಗೆದುಹಾಕಿದ್ದಕ್ಕೆ ಎಚ್ಚರಿಕೆ ಎಂದೂ ಸಾಕಾಗುತ್ತಿರಲಿಲ್ಲ.

2025ರ ಜಿಸಿಸಿ 15 ಇನ್ನೊಂದು ಹೆಜ್ಜೆ ಮುಂದಿಟ್ಟು, ಸಿ23 ಮಾನಕವನ್ನು ಡಿಫಾಲ್ಟ್ ಮಾಡಿದೆ. ಅದರಲ್ಲಿ ಖಾಲಿ ಆವರಣದ ಘೋಷಣೆಗೆ ‘ಆರ್ಗ್ಯುಮೆಂಟ್ ಇಲ್ಲವೇ ಇಲ್ಲ’ ಎಂಬ ಅರ್ಥ. ಮೊದಲಿದ್ದ ‘ಎಷ್ಟಾದರೂ ಇರಬಹುದು’ ಎಂಬ ಅರ್ಥ ಹೋಗಿದೆ. 1970ರ ದಶಕದ ಶೈಲಿಯ ಫಂಕ್ಷನ್ ವಿವರಣೆಗೂ ಜಾಗವಿಲ್ಲ. ಬಿಲ್ಡ್ ನಿಂತವರಿಗೆ ಎರಡು ದಾರಿಗಳಿವೆ. ಹಳೆಯ ಮಾನಕವನ್ನು ಆಯ್ಕೆಯಾಗಿ ಕೊಡಬಹುದು, ಅಥವಾ ಜಿಸಿಸಿ 14ರಿಂದ ಸಿ ಭಾಷೆಗೂ ಸಿಗುವ ಎಫ್-ಪರ್ಮಿಸಿವ್ ಹಾಕಿ ಘೋಷಿಸದ ಫಂಕ್ಷನ್‌ನಂಥ ಎರರ್‌ಗಳನ್ನು ಮತ್ತೆ ಎಚ್ಚರಿಕೆಗೆ ಇಳಿಸಬಹುದು. ಯಾರೂ ನೋಡಿಕೊಳ್ಳದ ಹಳೆಯ ಕೋಡಿಗೆ ಇದು ತಕ್ಕಮಟ್ಟಿಗೆ ಸರಿ. ಯಾರಾದರೂ ನೋಡಿಕೊಳ್ಳುತ್ತಿರುವ ಕೋಡಾದರೆ ಬಹಳ ಸಲ ಬೇಕಿರುವುದು ಒಂದು ಹೆಡರ್ ಸಾಲು, ಮತ್ತು ಕಾನ್ಫಿಗರ್ ಸ್ಕ್ರಿಪ್ಟನ್ನು, ಅದನ್ನು ತಯಾರಿಸುವ ಸಾಧನವಾದ ಆಟೋಕಾನ್ಫ್‌ನ ಹೊಸ ಆವೃತ್ತಿಯಿಂದ ಮತ್ತೊಮ್ಮೆ ಹುಟ್ಟಿಸುವುದು. ಅದಾದ ಮೇಲೆ ಹಳೆಯ ಮತ್ತು ಹೊಸ ಕಂಪೈಲರುಗಳಲ್ಲಿ ಕಾನ್ಫಿಗರ್ ಓಡಿಸಿ, ಎರಡರ ಫಲಿತಾಂಶದ ಫೈಲುಗಳನ್ನು ಪಕ್ಕಪಕ್ಕ ಇಟ್ಟು ಹೋಲಿಸಬೇಕು. ಕಾಣೆಯಾದ ಸೌಲಭ್ಯ ಪತ್ತೆಯಾಗುವುದು ಅಲ್ಲಿ.